ಹೆಸರು ಒಂದೇ, ತೋಟಾ ಬೇರೆ



ನಿಮ್ಮಲ್ಲಿ ಅನೇಕರು ಎನ್.ಸಿ.ಸಿ.ಯಲ್ಲಿ ಇರಬಹುದು. ಶಿಬಿರದಲ್ಲಿ ನೆಲದ ಮೇಲೆ ಮಲಗಿ 'ಪಾಯಿಂಟ್ ಟೂ ಟೂ' ರೈಫಲಿನಿಂದ ಗುರಿಯಿಟ್ಟವರೂ ಇರಬಹುದು. ಆ .22 ಎಂಬುದು ಅಂಗುಲದ ಲೆಕ್ಕ. ಒಂದು ಅಂಗುಲಕ್ಕೆ 25.4 ಮಿಲಿಮೀಟರ್. ಗುಣಿಸಿ ನೋಡಿ, 5.59 ಮಿಲಿಮೀಟರ್ ಬರುತ್ತದೆ. ನಮ್ಮ ಸೇನೆಯ ಇನ್ಸಾಸ್ ರೈಫಲಿನ ಅಳತೆ 5.56 ಮಿಲಿಮೀಟರ್. ಎರಡರ ನಡುವೆ ಕೂದಲೆಳೆಯಷ್ಟು ಅಂತರವೂ ಇಲ್ಲ. ಹಾಗಾದರೆ ಇದರ ತೋಟಾವನ್ನು ಅದಕ್ಕೆ, ಅದರ ತೋಟಾವನ್ನು ಇದಕ್ಕೆ ತುಂಬಬಹುದೇ?

ಖಂಡಿತ ಆಗದು. .22 ತೋಟಾದ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ; ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಡುತ್ತದೆ. ಇನ್ಸಾಸ್ ಗುಂಡಿನ ತೂಕ ಸುಮಾರು 4 ಗ್ರಾಂ; ವೇಗ ಸೆಕೆಂಡಿಗೆ ಸುಮಾರು 900 ಮೀಟರ್. ಭೌತಶಾಸ್ತ್ರದ ಪಾಠದಲ್ಲಿ ಕಲಿತ ಸೂತ್ರವನ್ನು ನೆನಪು ಮಾಡಿಕೊಳ್ಳಿ. ಚಲನಶಕ್ತಿಯೆಂದರೆ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿದಾಗ ಬರುವುದರ ಅರ್ಧ. ಮೊದಲನೆಯದಕ್ಕೆ ಸುಮಾರು 140 ಜೂಲ್ ಬರುತ್ತದೆ, ಎರಡನೆಯದಕ್ಕೆ ಸುಮಾರು 1600 ಜೂಲ್. ಅಗಲ ಹೆಚ್ಚುಕಡಿಮೆ ಒಂದೇ ಆದರೂ ಶಕ್ತಿ ಹನ್ನೊಂದು ಪಟ್ಟು ಹೆಚ್ಚು!

ಇಷ್ಟರಿಂದಲೇ ಒಂದು ವಿಷಯ ಸ್ಪಷ್ಟವಾಗುತ್ತದೆ. ತೋಟಾದ ಹೆಸರಿನಲ್ಲಿರುವ ಅಂಕಿ ನಮಗೆ ಪೂರ್ತಿ ಸತ್ಯವನ್ನು ಹೇಳುವುದಿಲ್ಲ. ಕೆಲವು ಸಲ ಅದು ಅಳತೆಯೇ ಅಲ್ಲ. ಮನುಷ್ಯರ ಹೆಸರಿನಂತೆ ಗುರುತಿಗಾಗಿ ಇಟ್ಟ ಹೆಸರು ಮಾತ್ರ. ಈ ಹೆಸರುಗಳು ಹೇಗೆ ಹುಟ್ಟಿದವು, ಯಾವುದು ಯಾವುದಕ್ಕೆ ಬಂಧು, ತಪ್ಪಾಗಿ ಓದಿದರೆ ಏನಾಗುತ್ತದೆ ಎಂಬುದನ್ನು ಈಗ ನೋಡೋಣ.

ತೋಟಾದ ನಾಲ್ಕು ಅಂಗಗಳು

ಮಾತಿನಲ್ಲಿ ನಾವು ಇಡೀ ತೋಟಾವನ್ನೇ 'ಗುಂಡು' ಎಂದುಬಿಡುತ್ತೇವೆ. ಹಳಬರು 'ಕಾಡತೂಸು' ಎನ್ನುತ್ತಿದ್ದರು. ಆದರೆ ಗುಂಡು ತೋಟಾದ ಒಂದು ಭಾಗ ಮಾತ್ರ. ತೋಟಾದಲ್ಲಿ ನಾಲ್ಕು ಅಂಗಗಳಿವೆ. ತುದಿಯಲ್ಲಿ ಕುಳಿತಿರುವ ಗುಂಡು, ಅದರ ಹಿಂದೆ ಮದ್ದು, ಮದ್ದಿಗೆ ಕಿಡಿ ಕೊಡುವ ಕೇಪು, ಇವೆಲ್ಲವನ್ನೂ ಹಿಡಿದಿಟ್ಟಿರುವ ಹಿತ್ತಾಳೆಯ ಕೋಶ.

ಕುದುರೆ ಒತ್ತಿದಾಗ ಕೇಪು ಸಿಡಿಯುತ್ತದೆ, ಮದ್ದು ಉರಿದು ಅನಿಲವಾಗುತ್ತದೆ. ಆಗ ಹುಟ್ಟುವ ಒತ್ತಡ ಸಾಮಾನ್ಯವಲ್ಲ. ಇಂದಿನ ಅನೇಕ ರೈಫಲುಗಳಲ್ಲಿ ಅದು ನಮ್ಮ ಸುತ್ತಲಿನ ಗಾಳಿಯ ಒತ್ತಡದ ಮೂರೂವರೆ ಸಾವಿರ ಪಟ್ಟನ್ನು ಮೀರುತ್ತದೆ. ಮೆದುವಾದ ಹಿತ್ತಾಳೆ ಕೋಶ ಆ ಒತ್ತಡಕ್ಕೆ ಉಬ್ಬಿ, ನಳಿಗೆಯ ಹಿಂಭಾಗದ ಉಕ್ಕಿನ ಗೂಡಿಗೆ ಅಂಟಿಕೊಂಡು, ಅನಿಲ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಗೂಡು ಮತ್ತು ಕೋಶ ಒಂದಕ್ಕೊಂದು ಸರಿಯಾಗಿ ಹೊಂದಿದ್ದರೆ ಮಾತ್ರ ಇದು ಸಾಧ್ಯ. ಹೊಂದದಿದ್ದರೆ ಆ ಬಿಸಿ ಅನಿಲ ಬರುವುದು ಬಂದೂಕು ಹಿಡಿದವನ ಮುಖದ ಕಡೆಗೆ. ಆದ್ದರಿಂದಲೇ ಹೆಸರಿನ ಈ ಪ್ರಶ್ನೆ ಕೇವಲ ಕುತೂಹಲದ ಪ್ರಶ್ನೆಯಲ್ಲ.

ಎಲ್ಲಿಂದ ಎಲ್ಲಿಗೆ ಅಳೆದದ್ದು?

ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಸಾಗುವ ತೋಡುಗಳಿರುತ್ತವೆ. ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಹೋಗಲೆಂದು ಈ ಏರ್ಪಾಡು. ತೋಡು ಇದೆಯೆಂದ ಮೇಲೆ ಎರಡು ತೋಡುಗಳ ನಡುವೆ ದಿಬ್ಬವೂ ಇರಬೇಕಷ್ಟೆ. ಈಗ ನಳಿಗೆಯ ಒಳ ಅಗಲವನ್ನು ಅಳೆಯಲು ಎರಡು ದಾರಿಗಳಾದವು. ದಿಬ್ಬದಿಂದ ಎದುರಿನ ದಿಬ್ಬಕ್ಕೆ ಅಳೆಯಬಹುದು. ಇಲ್ಲವೇ ತೋಡಿನಿಂದ ಎದುರಿನ ತೋಡಿಗೆ ಅಳೆಯಬಹುದು. ಎರಡನೆಯ ಅಳತೆ ಸಹಜವಾಗಿ ದೊಡ್ಡದು. ಗುಂಡಿನ ಅಗಲ ಈ ಎರಡನೆಯ ಅಳತೆಗೆ ಸಮೀಪವಾಗಿರುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಬ್ರಿಟಿಷ್ ಸೇನೆ 1888ರಲ್ಲಿ .303 ತೋಟಾವನ್ನು ಬಳಕೆಗೆ ತಂದಿತು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ 'ತ್ರೀ ನಾಟ್ ತ್ರೀ' ಇದೇ. ಅಮೆರಿಕದ ವಿಂಚೆಸ್ಟರ್ ಕಂಪನಿ 1952ರಲ್ಲಿ .308 ತೋಟಾವನ್ನು ಮಾರುಕಟ್ಟೆಗೆ ತಂದಿತು. ಎರಡರಲ್ಲಿ ಯಾವುದರ ಗುಂಡು ದಪ್ಪ? 308 ದೊಡ್ಡ ಸಂಖ್ಯೆ, ಆದ್ದರಿಂದ ಅದೇ ದಪ್ಪ ಎಂದು ನೀವು ಹೇಳಬಹುದು. ವಾಸ್ತವ ಅದಕ್ಕೆ ತಿರುಗುಮುರುಗು. .303ರ ಗುಂಡಿನ ಅಗಲ ಸುಮಾರು 0.311 ಅಂಗುಲ, .308ರದು 0.308 ಅಂಗುಲ. ಕಾರಣ ಸರಳ. .303 ಎಂಬುದು ದಿಬ್ಬದಿಂದ ದಿಬ್ಬಕ್ಕೆ ಅಳೆದ ಹೆಸರು, .308 ಎಂಬುದು ತೋಡಿನಿಂದ ತೋಡಿಗೆ ಅಳೆದ ಹೆಸರು.

ಇನ್ನು ಕೆಲವು ಕಡೆ ಅಂಕಿಯನ್ನು ಬರೀ ಗುರುತಿಗಾಗಿ ಬದಲಿಸಿದ್ದೂ ಉಂಟು. ಅಮೆರಿಕದಲ್ಲಿ .218, .220, .222, .223, .225 ಎಂದು ಆರಂಭವಾಗುವ ಹೆಸರಿನ ತೋಟಾಗಳಿವೆ. ಇವೆಲ್ಲದರ ಗುಂಡಿನ ಅಗಲವೂ ಒಂದೇ, 0.224 ಅಂಗುಲ. ಕೋಶಗಳು ಮಾತ್ರ ಬೇರೆ ಬೇರೆ. ಒಂದರ ತೋಟಾ ಇನ್ನೊಂದರ ರೈಫಲಿಗೆ ಸಲ್ಲದು.

ಎರಡನೆಯ ಅಂಕಿಯ ಅರ್ಥವೇನು?

ಕೆಲವು ಹೆಸರುಗಳಲ್ಲಿ ಎರಡು ಅಂಕಿಗಳಿರುತ್ತವೆ. ಅವನ್ನೂ ಒಂದೇ ನಿಯಮದಿಂದ ಓದಲು ಬರುವುದಿಲ್ಲ. 1873ರಲ್ಲಿ ಅಮೆರಿಕದ ಸೇನೆ ಬಳಸತೊಡಗಿದ .45-70 ತೋಟಾದಲ್ಲಿ 45 ಎಂಬುದು ಅಂಗುಲದ ನೂರನೆಯ ಭಾಗಗಳ ಲೆಕ್ಕ. 70 ಎಂಬುದು ಅದರಲ್ಲಿ ತುಂಬುತ್ತಿದ್ದ ಕಪ್ಪು ಮದ್ದಿನ ತೂಕ, ಗ್ರೇನ್ ಎಂಬ ಮಾನದಲ್ಲಿ. ನಮ್ಮ ಅಕ್ಕಸಾಲಿಗರ ಗುಲಗಂಜಿಯಂತೆ ಗ್ರೇನ್ ಕೂಡ ಕಾಳಿನಿಂದ ಬಂದ ಹಳೆಯ ತೂಕ. ಸುಮಾರು ಹದಿನೈದೂವರೆ ಗ್ರೇನ್ ಸೇರಿದರೆ ಒಂದು ಗ್ರಾಂ.

1895ರ .30-30 ತೋಟಾದಲ್ಲಿಯೂ ಎರಡನೆಯ 30 ಮದ್ದಿನ ತೂಕವೇ, ಆದರೆ ಅದು ಹೊಸ ಬಗೆಯ ಹೊಗೆರಹಿತ ಮದ್ದು. ಇಷ್ಟು ತಿಳಿದವರು .30-06 ಎಂಬುದನ್ನು ಕಂಡಾಗ ಆರು ಗ್ರೇನ್ ಮದ್ದು ಎಂದುಕೊಂಡರೆ ಎಡವಿದಂತೆಯೇ. ಅಲ್ಲಿ 06 ಎಂದರೆ 1906ನೆಯ ಇಸವಿ! ಅಮೆರಿಕದ ಸೇನೆ ಆ ತೋಟಾವನ್ನು ಅಂಗೀಕರಿಸಿದ ವರ್ಷ ಅದು. ಇನ್ನು .250-3000 ಎಂಬ ತೋಟಾದಲ್ಲಿ 3000 ಎಂಬುದು ಮದ್ದೂ ಅಲ್ಲ, ಇಸವಿಯೂ ಅಲ್ಲ. ಗುಂಡು ಸೆಕೆಂಡಿಗೆ 3000 ಅಡಿ ವೇಗ ಮುಟ್ಟುತ್ತದೆ ಎಂಬ ಜಾಹೀರಾತು ಅದು.

ಮೀಟರ್ ಪದ್ಧತಿಯ ಹೆಸರುಗಳು ಇದಕ್ಕಿಂತ ಶಿಸ್ತಿನವು. 7.62×51 ಎಂದು ಬರೆದಿದ್ದರೆ ಮೊದಲನೆಯದು ನಳಿಗೆಯ ಅಗಲ, ಎರಡನೆಯದು ಕೋಶದ ಉದ್ದ, ಎರಡೂ ಮಿಲಿಮೀಟರಿನಲ್ಲಿ. ಕೊನೆಯಲ್ಲಿ 'ಆರ್' ಎಂಬ ಅಕ್ಷರವಿದ್ದರೆ ಕೋಶದ ಬುಡದಲ್ಲಿ ಹೊರಚಾಚಿದ ಅಂಚು ಇದೆಯೆಂದು ಅರ್ಥ.

ಮೂರು 7.62ಗಳು

ತರಗತಿಯಲ್ಲಿ ಮೂವರು ಮಂಜುನಾಥರಿದ್ದರೆ ಮೇಷ್ಟ್ರು ಇನಿಷಿಯಲ್ ಸೇರಿಸಿ ಹಾಜರಿ ಕೂಗುತ್ತಾರೆ. ನಮ್ಮ ಸೇನೆಯಲ್ಲಿಯೂ ಇಂಥ ಮೂವರು ಇದ್ದಾರೆ.

ಮೊದಲನೆಯದು 7.62×51. ನ್ಯಾಟೋ ಒಕ್ಕೂಟ 1954ರಲ್ಲಿ ಅಂಗೀಕರಿಸಿದ ತೋಟಾ. ಭಾರತದಲ್ಲಿ 1960ರ ದಶಕದಿಂದ ಸ್ವಯಂ ಭರ್ತಿಯಾಗುವ ಎಸ್.ಎಲ್.ಆರ್. ರೈಫಲಿಗೆ ಇದೇ ಆಹಾರ. ಎರಡನೆಯದು 7.62×39. ಸೋವಿಯತ್ ಒಕ್ಕೂಟದಲ್ಲಿ 1943ರಲ್ಲಿ ರೂಪುಗೊಂಡದ್ದು. ಎ.ಕೆ. 47 ಬಳಸುವುದು ಇದನ್ನು. ಮೂರನೆಯದು 7.62×54 ಆರ್. ಇದು ಮೂವರಲ್ಲಿ ಹಿರಿಯ. 1891ರಲ್ಲಿ ರಷ್ಯದ ಚಕ್ರವರ್ತಿಯ ಸೇನೆಗಾಗಿ ಬಂದದ್ದು, ಇಂದಿಗೂ ನಿವೃತ್ತಿಯಾಗಿಲ್ಲ. ನಮ್ಮ ಸೇನೆಯ ಡ್ರಾಗುನೋವ್ ರೈಫಲಿಗೂ ಟಿ-72 ಟ್ಯಾಂಕಿನ ಮೆಷಿನ್ ಗನ್ನಿಗೂ ಇದೇ ತೋಟಾ.

ಮೂರಕ್ಕೂ 7.62 ಎಂದೇ ಹೆಸರು. ಆದರೆ ಕೋಶಗಳ ಉದ್ದ ಬೇರೆ, ಆಕಾರ ಬೇರೆ, ಮದ್ದಿನ ಪ್ರಮಾಣ ಬೇರೆ. ಗುಂಡಿನ ಅಗಲವೂ ಒಂದೇ ಅಲ್ಲ. ನ್ಯಾಟೋ ಗುಂಡು 7.82 ಮಿಲಿಮೀಟರ್, ರಷ್ಯದ ಎರಡೂ ಗುಂಡುಗಳು ಸುಮಾರು 7.9 ಮಿಲಿಮೀಟರ್. 'ಏಳು ಪಾಯಿಂಟ್ ಅರವತ್ತೆರಡು ಕಳುಹಿಸಿ' ಎಂದು ಮುಂಚೂಣಿಯಿಂದ ಬೇಡಿಕೆ ಬಂದರೆ ಉಗ್ರಾಣದವನು ಯಾವುದನ್ನು ಕಳುಹಿಸಬೇಕು? ತಪ್ಪು ಪೆಟ್ಟಿಗೆ ಹೋದರೆ ರೈಫಲು ಕೋಲಿಗಿಂತ ಹೆಚ್ಚಿನದಾಗುವುದಿಲ್ಲ. ಆದ್ದರಿಂದ ಎರಡನೆಯ ಅಂಕಿಯನ್ನು ಬಿಟ್ಟು ಹೆಸರು ಹೇಳುವಂತಿಲ್ಲ.

ಎರಡನೆಯ ಮಹಾಯುದ್ಧದ ಜಪಾನಿನಲ್ಲಿ ಇಂಥದೇ ಪರಿಸ್ಥಿತಿ ಇತ್ತು. ಅಲ್ಲಿನ ಭೂಸೇನೆಗೂ ನೌಕಾಸೇನೆಗೂ 7.7 ಮಿಲಿಮೀಟರ್ ತೋಟಾಗಳಿದ್ದವು. ನೌಕಾಸೇನೆಯದು ಬ್ರಿಟಿಷ್ .303ರ ನಕಲು, ಭೂಸೇನೆಯದು ತಾನೇ ರೂಪಿಸಿಕೊಂಡ ಬೇರೆ ತೋಟಾ. ಒಂದೇ ದೇಶ, ಒಂದೇ ಅಂಕಿ, ಆದರೆ ಒಬ್ಬರದು ಇನ್ನೊಬ್ಬರಿಗೆ ಉಪಯೋಗಕ್ಕೆ ಬಾರದು.

ಭಾರತದಲ್ಲಿ ಹೆಸರಿನ ಈ ಭೇದ ಕಾನೂನಿಗೂ ಸಂಬಂಧಿಸಿದೆ. ಸೇನೆಯ ತೋಟಾ ಕಳುವಾದರೂ ಹೊರಗಿನ ಬಂದೂಕಿಗೆ ಹೊಂದಬಾರದು ಎಂಬ ಉದ್ದೇಶದಿಂದ .303ರಂಥ ಸೇನಾ ಅಳತೆಗಳನ್ನು ಬ್ರಿಟಿಷರ ಕಾಲದಿಂದಲೇ ಸಾಮಾನ್ಯ ನಾಗರಿಕರಿಗೆ ನಿರ್ಬಂಧಿಸಲಾಯಿತು. ಪರವಾನಗಿ ಪಡೆದ ನಾಗರಿಕರಿಗಾಗಿ ನಮ್ಮ ಆಯುಧ ಕಾರ್ಖಾನೆಗಳು ತಯಾರಿಸಿದ್ದು .315 ರೈಫಲು. ಇದು 8 ಮಿಲಿಮೀಟರಿನದು; ಆಸ್ಟ್ರಿಯದ ಹಳೆಯ ಮಾನ್‌ಲಿಕರ್ ತೋಟಾದ ವಂಶಕ್ಕೆ ಸೇರಿದ್ದು. ಕಿವಿಗೆ .303ರ ತಮ್ಮನಂತೆ ಕೇಳಿಸಿದರೂ ಎರಡಕ್ಕೂ ರಕ್ತಸಂಬಂಧವಿಲ್ಲ.

ಒಂದು ಅಕ್ಷರದ ಬೆಲೆ

ಜರ್ಮನಿಯ 8×57 ತೋಟಾದ ಕಥೆ ಇನ್ನೂ ಸೂಕ್ಷ್ಮವಾದದ್ದು. 1888ರಲ್ಲಿ ಬಂದಾಗ ಅದರ ಗುಂಡಿನ ಅಗಲ 0.318 ಅಂಗುಲ. 1905ರ ಹೊತ್ತಿಗೆ ಕೋಶವನ್ನು ಹಾಗೆಯೇ ಇಟ್ಟುಕೊಂಡು ಗುಂಡನ್ನು 0.323 ಅಂಗುಲಕ್ಕೆ ಹಿಗ್ಗಿಸಿದರು. ವ್ಯತ್ಯಾಸ ಸುಮಾರು 0.13 ಮಿಲಿಮೀಟರ್, ಅಂದರೆ ಒಂದು ದಪ್ಪ ಕಾಗದದ ಹಾಳೆಯಷ್ಟು. ಹೊಸ ತೋಟಾ ಹಳೆಯ ರೈಫಲಿನ ಗೂಡಿನಲ್ಲಿ ಕುಳಿತುಕೊಳ್ಳಬಲ್ಲದು. ಆದರೆ ದಪ್ಪ ಗುಂಡು ಕಿರಿದಾದ ನಳಿಗೆಯಲ್ಲಿ ತೂರಬೇಕಾದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಆದ್ದರಿಂದ ಹೊಸದಕ್ಕೆ 'ಎಸ್' ಎಂಬ ಅಕ್ಷರವನ್ನು ಸೇರಿಸಿದರು.

ಇನ್ನೊಂದು ಮೋಜು ಕೇಳಿ. ಈ ತೋಟಾವನ್ನು ಅನೇಕರು 8×57 'ಜೆ' ಎಂದು ಬರೆಯುತ್ತಾರೆ. ಮೂಲದಲ್ಲಿ ಅದು 'ಜೆ' ಅಲ್ಲ, 'ಐ'. ಪದಾತಿ ದಳ ಎಂಬರ್ಥದ ಜರ್ಮನ್ ಪದದ ಮೊದಲಕ್ಷರ. ಹಳೆಯ ಜರ್ಮನ್ ಲಿಪಿಯಲ್ಲಿ ದೊಡ್ಡ 'ಐ' ನೋಡಲು 'ಜೆ'ಯಂತೆ ಇದ್ದುದರಿಂದ ಓದಿದವರು ತಪ್ಪಾಗಿ ಓದಿದರು. ಆ ತಪ್ಪೇ ಹೆಸರಾಗಿ ನಿಂತಿತು.

ಹೆಸರು ಬೇರೆ, ವಂಶ ಒಂದೇ

ಇದುವರೆಗೆ ಹೆಸರು ಒಂದಾಗಿ ವಸ್ತು ಬೇರೆಯಾದದ್ದನ್ನು ನೋಡಿದೆವು. ಇದರ ವಿರುದ್ಧವೂ ಉಂಟು. ಮೇಲೆ ಹೇಳಿದ .30-06 ತೋಟಾದ ಕೋಶದ ಉದ್ದ 63 ಮಿಲಿಮೀಟರ್. 1925ರಲ್ಲಿ ಇದರ ಕತ್ತನ್ನು ಕಿರಿದು ಮಾಡಿ ಸಣ್ಣ ಗುಂಡು ಕೂರಿಸಿದಾಗ .270 ಹುಟ್ಟಿತು. ಮುಂದೆ ಮದ್ದಿನ ತಯಾರಿಕೆ ಸುಧಾರಿಸಿತು. ಕಡಿಮೆ ಜಾಗದಲ್ಲಿ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಪಡೆಯುವುದು ಸಾಧ್ಯವಾಯಿತು. ಆಗ .30-06ರ ಕೋಶವನ್ನು 51 ಮಿಲಿಮೀಟರಿಗೆ ಗಿಡ್ಡ ಮಾಡಿದಂಥ ವಿನ್ಯಾಸದಿಂದ .308 ಬಂದಿತು. 1955ರಲ್ಲಿ ಆ .308ರ ಕತ್ತನ್ನು ಕಿರಿದು ಮಾಡಿ .243 ಮಾಡಿದರು. ಅಜ್ಜ, ಮಗ, ಮೊಮ್ಮಗ ಎನ್ನಬಹುದಾದ ಈ ತೋಟಾಗಳ ಹೆಸರಿನಲ್ಲಿ ಸಂಬಂಧದ ಸುಳಿವೇ ಇಲ್ಲ. ಬುಡವನ್ನು ಅಳೆದು ನೋಡಿದರೆ ಮಾತ್ರ ಎಲ್ಲವೂ ಸುಮಾರು 12 ಮಿಲಿಮೀಟರ್, ಮನೆತನ ಗೊತ್ತಾಗುತ್ತದೆ.

ಅವಳಿಗಳಂಥ ಜೋಡಿಗಳು

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಅವಳಿಗಳಂತೆ ಕಾಣುವ ಎರಡು ಜೋಡಿಗಳು. ನಾಗರಿಕರ .308 ಮತ್ತು ಸೇನೆಯ 7.62×51 ಒಂದು ಜೋಡಿ. ನಾಗರಿಕರ .223 ಮತ್ತು ಸೇನೆಯ 5.56×45 ಇನ್ನೊಂದು. ಪ್ರತಿ ಜೋಡಿಯಲ್ಲಿಯೂ ಕೋಶದ ಹೊರ ಅಳತೆ ಹೆಚ್ಚುಕಡಿಮೆ ಒಂದೇ. ಭೇದವಿರುವುದು ರೈಫಲಿನ ಗೂಡಿನಲ್ಲಿ.

ಸೇನೆಯ ಬಂದೂಕು ಕೆಸರು, ಧೂಳು, ಚಳಿಯಲ್ಲಿಯೂ ಸಿಕ್ಕಿಕೊಳ್ಳಬಾರದು. ಅದಕ್ಕಾಗಿ 7.62 ರೈಫಲಿನ ಗೂಡನ್ನು ಅಂಗುಲದ ಕೆಲವು ಸಾವಿರದನೆಯ ಭಾಗಗಳಷ್ಟು ಉದ್ದ ಬಿಟ್ಟಿರುತ್ತಾರೆ. ಸೇನೆಯ ಕೋಶವೂ ದಪ್ಪವಾಗಿದ್ದು ಆ ಸಡಿಲವನ್ನು ತಾಳಿಕೊಳ್ಳುತ್ತದೆ. ನಾಗರಿಕರ ತೆಳುವಾದ ಕೋಶ ಅಂಥ ಉದ್ದನೆಯ ಗೂಡಿನಲ್ಲಿ ಹಿಗ್ಗಿ ಬಿರಿಯಬಹುದು.

.223ರ ಸಂಗತಿ ಬೇರೆ. ಗುಂಡು ಕೋಶದಿಂದ ಹೊರಟು ತೋಡುಗಳನ್ನು ಮುಟ್ಟುವ ಮೊದಲು ಸ್ವಲ್ಪ ದೂರ ಅಡ್ಡಿಯಿಲ್ಲದೆ ಸಾಗುತ್ತದೆ. 5.56 ರೈಫಲಿನಲ್ಲಿ ಈ ದೂರ ಹೆಚ್ಚು, .223ರಲ್ಲಿ ಕಡಿಮೆ. ಸೇನೆಯ 5.56 ತೋಟಾವನ್ನು .223 ಎಂದು ಬರೆದ ರೈಫಲಿನಲ್ಲಿ ಹಾರಿಸಿದರೆ ಗುಂಡು ಬೇಗನೆ ತೋಡಿಗೆ ತಾಗಿ ಒತ್ತಡ ನಿಗದಿಗಿಂತ ಮೇಲೇರಬಹುದು. ಆದ್ದರಿಂದ ಅಮೆರಿಕದ ತಯಾರಕರ ಸಂಸ್ಥೆ ಹಾಗೆ ಮಾಡಬಾರದೆಂದು ಎಚ್ಚರಿಸುತ್ತದೆ. .223 ತೋಟಾವನ್ನು 5.56 ರೈಫಲಿನಲ್ಲಿ ಹಾರಿಸುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಅಂದರೆ ಈ ನಂಟು ಒಮ್ಮುಖದ್ದು.

ಒತ್ತಡದ ಅಂಕಿಗಳೂ ಜನರನ್ನು ದಾರಿ ತಪ್ಪಿಸಿವೆ. .308ಕ್ಕೆ ಚದರ ಅಂಗುಲಕ್ಕೆ 62,000 ಪೌಂಡ್, ಸೇನೆಯ 7.62ಕ್ಕೆ 50,000 ಪೌಂಡ್ ಎಂದು ಬರೆದಿರುವುದನ್ನು ನೋಡಿ, ಮೊದಲನೆಯದು ಬಹಳ ಬಲಶಾಲಿ ಎಂದು ಅನೇಕರು ನಂಬಿದರು. ನಿಜ ಸಂಗತಿಯೆಂದರೆ, 50,000 ಎಂಬುದು ಹಳೆಯ ವಿಧಾನದ ಅಳತೆ. ಒಂದು ಪುಟ್ಟ ತಾಮ್ರದ ಸಿಲಿಂಡರ್ ಎಷ್ಟು ಕುಗ್ಗಿತು ಎಂಬುದರಿಂದ ಒತ್ತಡವನ್ನು ಲೆಕ್ಕ ಹಾಕುತ್ತಿದ್ದರು. 62,000 ಎಂಬುದು ಒತ್ತಡಕ್ಕೆ ವಿದ್ಯುತ್ ಹೊಮ್ಮಿಸುವ ಸ್ಫಟಿಕದಿಂದ ಅಳೆದದ್ದು. ತಾಮ್ರ ನಿಧಾನವಾಗಿ ಕುಗ್ಗುತ್ತದೆ. ಕ್ಷಣಮಾತ್ರದ ಶಿಖರವನ್ನು ಪೂರ್ತಿ ಹಿಡಿಯಲಾರದು. ಒಂದನ್ನು ಸೇರಿನಲ್ಲಿ, ಇನ್ನೊಂದನ್ನು ಕಿಲೋದಲ್ಲಿ ತೂಗಿ ಅಂಕಿಗಳನ್ನು ಮಾತ್ರ ಹೋಲಿಸಿದಂತೆ ಆಯಿತು. ನಿಜದಲ್ಲಿ ಎರಡೂ ತೋಟಾಗಳ ಒತ್ತಡ ಒಂದಕ್ಕೊಂದು ಹತ್ತಿರವೇ ಇದೆ.

ಹೊಂದಿಕೊಂಡದ್ದೆಲ್ಲ ಸರಿಯಲ್ಲ

'ತಪ್ಪು ತೋಟಾ ಗೂಡಿನೊಳಗೆ ಹೋಗುವುದೇ ಇಲ್ಲವಲ್ಲ, ಭಯವೇಕೆ?' ಎಂದು ನೀವು ಕೇಳಬಹುದು. ಎಷ್ಟೋ ಸಲ ಅದು ನಿಜ. ಆದರೆ ಯಾವಾಗಲೂ ನಿಜವಲ್ಲ. 2011ರಲ್ಲಿ ಅಮೆರಿಕದಲ್ಲಿ .300 ಬ್ಲ್ಯಾಕ್‌ಔಟ್ ಎಂಬ ತೋಟಾಕ್ಕೆ ಮಾನ್ಯತೆ ದೊರೆಯಿತು. ಇದು .223ರ ಕೋಶವನ್ನೇ ಗಿಡ್ಡ ಮಾಡಿ, 7.8 ಮಿಲಿಮೀಟರ್ ಗುಂಡು ಕೂರಿಸಿದ ತೋಟಾ. ಬುಡ ಒಂದೇ ಆದ್ದರಿಂದ ಎರಡೂ ಒಂದೇ ಮ್ಯಾಗಜೀನಿನಲ್ಲಿ ಕೂರುತ್ತವೆ. ಈ ಗಿಡ್ಡ ತೋಟಾ .223 ರೈಫಲಿನ ಗೂಡಿನೊಳಗೂ ಹೋಗಬಲ್ಲದು. ಆಗ ಕುದುರೆ ಒತ್ತಿದರೆ 7.8 ಮಿಲಿಮೀಟರ್ ಗುಂಡು 5.7 ಮಿಲಿಮೀಟರ್ ನಳಿಗೆಯಲ್ಲಿ ಸಿಲುಕುತ್ತದೆ, ರೈಫಲು ಒಡೆಯುತ್ತದೆ. ಹೀಗೆ ಒಡೆದ ರೈಫಲುಗಳು ಅಲ್ಲಿ ಹಲವು ಇವೆ.

ಹೆಸರಿನಿಂದಲೇ ಆಪತ್ತು ಬರಬಹುದೆಂದು ತಿಳಿದು ತಿದ್ದಿಕೊಂಡ ಉದಾಹರಣೆಯೂ ಉಂಟು. ಅಮೆರಿಕದ .280 ರೆಮಿಂಗ್ಟನ್ ತೋಟಾಕ್ಕೆ 1970ರ ದಶಕದ ಕೊನೆಯಲ್ಲಿ '7 ಮಿಲಿಮೀಟರ್ ಎಕ್ಸ್‌ಪ್ರೆಸ್' ಎಂದು ಹೊಸ ಹೆಸರಿಟ್ಟರು. ಅದೇ ಕಂಪನಿಯ '7 ಮಿಲಿಮೀಟರ್ ಮ್ಯಾಗ್ನಂ' ಎಂಬ ಬೇರೊಂದು ತೋಟಾ ಮೊದಲೇ ಪ್ರಸಿದ್ಧವಾಗಿತ್ತು. ಕೊಳ್ಳುವವರು ಎರಡನ್ನೂ ಒಂದೆಂದು ಭ್ರಮಿಸತೊಡಗಿದರು. ಕೆಲವೇ ವರ್ಷಗಳಲ್ಲಿ ಹಳೆಯ .280 ಎಂಬ ಹೆಸರೇ ಮರಳಿ ಬಂದಿತು. ತೋಟಾ ಬದಲಾಗಲಿಲ್ಲ, ಹೆಸರು ಬದಲಾದದ್ದರಿಂದ ಅಪಾಯ ಹುಟ್ಟಿತು, ಹೆಸರು ಮರಳಿದ್ದರಿಂದ ಅಪಾಯ ತಗ್ಗಿತು.

ನಮ್ಮಲ್ಲಿಯೂ ಎಚ್ಚರ ಬೇಕಾದ ಒಂದು ರೈಫಲಿದೆ. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆ 1960ರ ದಶಕದಲ್ಲಿ .303 ಎನ್‌ಫೀಲ್ಡ್ ಮಾದರಿಯ ರೈಫಲನ್ನು ಇನ್ನೂ ಗಟ್ಟಿ ಉಕ್ಕಿನಲ್ಲಿ, 7.62×51 ತೋಟಾಕ್ಕಾಗಿ ತಯಾರಿಸಿತು. ದೂರದಿಂದ ನೋಡಿದವರಿಗೆ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಮ್ಯಾಗಜೀನಿನ ಆಕಾರ ನೋಡಿ ಪಳಗಿದವರು ಗುರುತಿಸುತ್ತಾರೆ. ಪಳಗದವರು ಮಾಡಬೇಕಾದದ್ದು ಒಂದೇ, ರೈಫಲಿನ ಮೇಲೆ ಕೆತ್ತಿರುವುದನ್ನು ಓದಬೇಕು.

ಅದೇ ಈ ಮಾತಿನ ಸಾರಾಂಶ. ರೈಫಲಿನ ನಳಿಗೆಯ ಮೇಲೆ ಒಂದು ಹೆಸರು ಕೆತ್ತಿರುತ್ತದೆ. ನಾಗರಿಕ ತೋಟಾದ ಬುಡದಲ್ಲಿ ಸಾಮಾನ್ಯವಾಗಿ ಒಂದು ಹೆಸರು ಒತ್ತಿರುತ್ತದೆ. ಸೇನೆಯ ತೋಟಾ ಆದರೆ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಎರಡೂ ಹೆಸರುಗಳು ಅಂಕಿಯಲ್ಲಿ ಮಾತ್ರವಲ್ಲ, ಅಕ್ಷರ ಅಕ್ಷರವೂ ಒಂದೇ ಇರಬೇಕು. ಅನುಮಾನ ಬಂದರೆ ತುಂಬಬಾರದು, ಬಲ್ಲವರನ್ನು ಕೇಳಬೇಕು. ಎನ್.ಸಿ.ಸಿ. ಶಿಬಿರದಲ್ಲಿ ಹವಾಲ್ದಾರರು ತೋಟಾಗಳನ್ನು ಎಣಿಸಿ ಕೊಟ್ಟು, ಖಾಲಿ ಕೋಶಗಳನ್ನು ಎಣಿಸಿ ಹಿಂದಕ್ಕೆ ಪಡೆಯುವಾಗ ಬೇಸರಪಡಬೇಡಿ. ಆ ಶಿಸ್ತಿನ ಹಿಂದೆ ನೂರು ವರ್ಷಕ್ಕೂ ಮೀರಿದ ಅನುಭವವಿದೆ.

ಬಂದೂಕನ್ನು ಎಂದೂ ಮುಟ್ಟದವರಿಗೂ ಇಲ್ಲಿ ಒಂದು ಪಾಠ ಉಂಟು. ಪ್ರಯೋಗಶಾಲೆಯಲ್ಲಿ, ಔಷಧದ ಚೀಟಿಯಲ್ಲಿ, ವಿದ್ಯುತ್ ಉಪಕರಣದ ಮೇಲೆ ನೀವು ದಿನವೂ ಅಂಕಿಗಳನ್ನು ಓದುತ್ತೀರಿ. ಏನನ್ನು ಅಳೆದದ್ದು, ಎಲ್ಲಿಂದ ಎಲ್ಲಿಗೆ ಅಳೆದದ್ದು, ಯಾವ ವಿಧಾನದಿಂದ ಅಳೆದದ್ದು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಯಾವ ಅಂಕಿಯನ್ನೂ ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಬೇಡಿ. ಮುಂದಿನ ಶಿಬಿರದಲ್ಲಿ .22 ತೋಟಾ ಕೈಗೆ ಬಂದಾಗ ಒಮ್ಮೆ ಅದರ ಬುಡವನ್ನು ತಿರುಗಿಸಿ ನೋಡಿ. ಅಲ್ಲಿ ಏನು ಒತ್ತಿದೆ, ಅದರ ಅರ್ಥವೇನು ಎಂದು ನಿಮ್ಮ ಶಿಕ್ಷಕರನ್ನು ಕೇಳಿ ತಿಳಿದುಕೊಳ್ಳಿ.